ಎರಡು ಬೆರಳಿನ ಅಂತರ

ಜೈಲು ತಪ್ಪಿತು ಎಂದು ಎಲ್ಲರೂ ಹೇಳಿದರು. ವಕೀಲರು ಬೆನ್ನು ತಟ್ಟಿದರು, ಹೆಂಡತಿ ಕೋರ್ಟಿನ ಮೆಟ್ಟಿಲ ಮೇಲೆಯೇ ಕುಳಿತು ಅತ್ತಳು, ಭಾವಮೈದ ಓಡಿಹೋಗಿ ಎಲ್ಲರಿಗೂ ಟೀ ತಂದ. ಹದಿನೆಂಟು ತಿಂಗಳ ಪ್ರೊಬೇಷನ್, ಅದರ ಜೊತೆಗೆ ಮುನ್ನೂರು ಗಂಟೆ ಸಂಬಳವಿಲ್ಲದ ಸಮುದಾಯ ಸೇವೆ. ಇಷ್ಟರಲ್ಲೇ ಬಿಟ್ಟಿದ್ದು ದೊಡ್ಡದು ಎಂದು ವಕೀಲರು ಎರಡು ಸಲ ಹೇಳಿದರು.

ಮೆಕ್ಯಾನಿಕ್ ಮಾತ್ರ ಟೀ ಲೋಟವನ್ನು ಹಾಗೇ ಕೆಳಗಿಟ್ಟ. ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದವನು ಅವನು. ಬಟ್ಟೆ ಗೋದಾಮಿನ ಲಿಫ್ಟನ್ನು ಮೂರು ತಿಂಗಳು ಕಣ್ಣೆತ್ತಿಯೂ ನೋಡದೆ, ಗೇಟಿನ ಹತ್ತಿರ ಬೈಕ್ ನಿಲ್ಲಿಸಿಕೊಂಡೇ ತಪಾಸಣೆಯ ಕಾರ್ಡಿಗೆ ಸಹಿ ಹಾಕಿದ್ದ. ನಾಲ್ಕನೇ ತಿಂಗಳು ಮೂಟೆ ಹೊತ್ತ ಹಮಾಲಿಯೊಬ್ಬ ಒಳಗೆ ಕಾಲಿಡುವಾಗ ಲಿಫ್ಟ್ ಜಾರಿತು. ಎರಡೂ ಕಾಲು ಮಂಡಿಯಿಂದ ಕೆಳಗೆ ಹೋದವು. ಆ ಹಮಾಲಿ ಕಟಕಟೆಯ ಪಕ್ಕದಲ್ಲಿ ವೀಲ್‌ಚೇರಿನಲ್ಲಿ ಕುಳಿತು ಹೇಳಿದ್ದು ಒಂದೇ ಮಾತು: "ನಾನು ಕಾಲಿಟ್ಟಾಗ ಅದು ಅಲ್ಲೇ ಇತ್ತು ಸ್ವಾಮಿ."

ಪ್ರೊಬೇಷನ್ ಅಧಿಕಾರಿ ಕನ್ನಡಕ ಹಾಕಿದ, ದನಿ ಎತ್ತದ ಹೆಂಗಸು. ಮೊದಲ ಭೇಟಿಯಲ್ಲೇ ಷರತ್ತುಗಳನ್ನು ಓದಿ ಹೇಳಿದರು. ವಾರಕ್ಕೊಮ್ಮೆ ಬಂದು ಮುಖ ತೋರಿಸಬೇಕು. ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗೆ ಕೆಲಸ ಮಾಡಬೇಕು. ಲೈಸೆನ್ಸ್ ರದ್ದಾಗಿರುವುದರಿಂದ ಯಾವುದೇ ಲಿಫ್ಟಿನ ರಿಪೇರಿಗೆ ಕೈ ಹಾಕುವಂತಿಲ್ಲ, ಮಷೀನ್ ರೂಮಿನ ಹೊಸ್ತಿಲು ದಾಟುವಂತಿಲ್ಲ.

"ದಾಟಿದ್ರೆ?" ಎಂದು ಕೇಳಿದ.

"ದಾಟಿದ್ರೆ ನಾನು ಕೋರ್ಟಿಗೆ ಬರೀಲೇಬೇಕಾಗುತ್ತೆ. ಆಮೇಲೆ ಎರಡು ವರ್ಷ ಒಳಗಿರ್ತೀರಿ. ಇದರಲ್ಲಿ ನನ್ನ ಇಷ್ಟ ಅನ್ನೋದೇನೂ ಇಲ್ಲ."

ಕೆಲಸಕ್ಕೆ ಅವರು ಆರಿಸಿದ ಜಾಗದ ಹೆಸರು ಮೆಕ್ಯಾನಿಕ್‌ಗೆ ಗೊತ್ತಿದ್ದದ್ದೇ. ಲಕ್ವ ಹೊಡೆದವರು, ಕಾಲು ಮುರಿದವರು ಮತ್ತೆ ನಡೆಯುವುದನ್ನು ಕಲಿಯುವ ಪುನರ್ವಸತಿ ಕೇಂದ್ರ. "ಕಾಲಿಲ್ಲದೋರ ಕಷ್ಟ ಏನು ಅಂತ ನೀವು ಹತ್ತಿರದಿಂದ ನೋಡ್ಲಿ ಅಂತಲೇ ಹಾಕಿದ್ದೀನಿ," ಎಂದರು ಮೇಡಂ. ಅವನು ತಲೆಯಾಡಿಸಿದ. ಎಂಟು ವರ್ಷದ ಹಿಂದೆ ಆ ಕಟ್ಟಡದ ಲಿಫ್ಟ್ ತನ್ನ ಸುಪರ್ದಿಯಲ್ಲೇ ಇತ್ತು ಎಂದು ಹೇಳಲು ಬಾಯಿ ತೆರೆದ, ಮುಚ್ಚಿದ. ಹೇಳಿದರೆ ಹಳೆಯ ಕಡತಗಳೆಲ್ಲ ಹೊರಬರುತ್ತವೆ. ಇದ್ದದ್ದೇ ಸಾಕಾಗಿತ್ತು.

*

ಕೇಂದ್ರದ ಕಟ್ಟಡ ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು. ಕೆಳಗೆ ಕಚೇರಿ ಮತ್ತು ವಾರ್ಡು, ನಡುವೆ ಎರಡು ಮಹಡಿ ವಾರ್ಡುಗಳು, ಎಲ್ಲಕ್ಕಿಂತ ಮೇಲೆ ಮೂರನೇ ಮಹಡಿಯಲ್ಲಿ ವ್ಯಾಯಾಮದ ಹಾಲ್. ನಡೆಯಲಾಗದವರನ್ನೆಲ್ಲ ದಿನವೂ ಅಲ್ಲಿಗೆ ಹತ್ತಿಸುವುದು ಒಂದೇ ಲಿಫ್ಟ್. ಅವನಿಗೆ ಹಳದಿ ಜಾಕೀಟು, ಬಕೆಟ್ಟು, ನೆಲ ಒರೆಸುವ ಕೋಲು ಕೊಟ್ಟರು. ಜಾಕೀಟಿನ ಬೆನ್ನ ಮೇಲೆ 'ಸಮುದಾಯ ಸೇವೆ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಹಾಕಿಕೊಂಡವನನ್ನು ಜನ ಮೊದಲು ಹಿಂದಿನಿಂದ ಓದಿ ಆಮೇಲೆ ಮುಖ ನೋಡುತ್ತಿದ್ದರು.

ಕೇಂದ್ರವನ್ನು ನಡೆಸುತ್ತಿದ್ದವರು ಒಬ್ಬ ಹಿರಿಯ ನರ್ಸ್. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಮೊದಲ ದಿನವೇ, "ನೋಡಪ್ಪಾ, ಇಲ್ಲಿ ನೆಲ ಒದ್ದೆ ಇದ್ರೆ ಒಬ್ಬ ಬೀಳ್ತಾನೆ, ಬಿದ್ದೋನು ಮತ್ತೆ ಆರು ತಿಂಗಳು ಏಳಲ್ಲ. ಒರೆಸಿದ ಮೇಲೆ ಒಣಗಿದೆಯಾ ಅಂತ ಬಗ್ಗಿ ನೋಡು," ಎಂದಿದ್ದರು. ಅವನು ಅಕ್ಷರಶಃ ಬಗ್ಗಿ ನೋಡುತ್ತಿದ್ದ. ಹಾಗೆ ಬಗ್ಗಿದಾಗಲೇ, ಎರಡನೆಯ ವಾರ, ಅದನ್ನು ಕಂಡದ್ದು.

ಮೂರನೇ ಮಹಡಿಯಲ್ಲಿ ನಿಂತಿದ್ದ ಖಾಲಿ ಲಿಫ್ಟಿನ ನೆಲ ಕಾರಿಡಾರಿನ ನೆಲಕ್ಕಿಂತ ಒಂದು ಬೆರಳು ಮೇಲಿತ್ತು. ಮಧ್ಯಾಹ್ನ ಎರಡು ವೀಲ್‌ಚೇರು, ಮೂರು ಜನ ತುಂಬಿಕೊಂಡು ಕೆಳಗೆ ಬಂದ ಲಿಫ್ಟ್ ನೆಲಮಹಡಿಯಲ್ಲಿ ಒಂದು ಬೆರಳು ಕೆಳಗೆ ನಿಂತಿತು. ಗಾಲಿ ತಡೆದು ಕುರ್ಚಿಯಲ್ಲಿದ್ದ ಮುದುಕಿ ಮುಂದಕ್ಕೆ ಮುಗ್ಗರಿಸಿದಳು.

ಬೇರೆಯವರಿಗೆ ಅದು ಒಂದು ಸಣ್ಣ ಕಿರಿಕಿರಿ. ಅವನಿಗೆ ಅದು ಓದಲು ಬರುವ ಬರಹ. ಲಿಫ್ಟಿನ ಹಗ್ಗದ ಇನ್ನೊಂದು ತುದಿಗೆ ಕಬ್ಬಿಣದ ತೂಕ ಕಟ್ಟಿರುತ್ತಾರೆ; ಲಿಫ್ಟ್ ಖಾಲಿ ಇದ್ದರೆ ಆ ತೂಕ ಅದನ್ನು ಮೇಲಕ್ಕೆಳೆಯುತ್ತದೆ, ತುಂಬಿದ್ದರೆ ಲಿಫ್ಟೇ ಕೆಳಗೆ ಜಗ್ಗುತ್ತದೆ. ಎರಡರ ನಡುವೆ ಹಿಡಿದು ನಿಲ್ಲಿಸುವುದು ಚಾವಣಿಯ ಮೇಲಿನ ಮಷೀನಿನ ಬ್ರೇಕ್ ಒಂದೇ. ಖಾಲಿ ಇದ್ದಾಗ ಮೇಲೆ, ತುಂಬಿದ್ದಾಗ ಕೆಳಗೆ ಜಾರುತ್ತಿದೆ ಎಂದರೆ ಬ್ರೇಕ್ ಹಿಡಿತ ಬಿಡುತ್ತಿದೆ. ಯಾಕೆ ಬಿಡುತ್ತಿದೆ ಎಂಬುದೂ ಅವನಿಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆಯೇ ಗೇರ್ ಬಾಕ್ಸಿನ ಎಣ್ಣೆ ತಡೆಯುವ ಆಯಿಲ್ ಸೀಲ್ ಬೆವರಿ, ಎಣ್ಣೆ ಬ್ರೇಕಿನ ಕಡೆ ಹನಿಯುತ್ತಿತ್ತು. ಸೀಲ್ ಬದಲಿಸಲು ಒಂದು ದಿನದ ಕೆಲಸ. ಅವನು ಅದರ ಕೆಳಗೆ ಒಂದು ಖಾಲಿ ಡಬ್ಬಿ ಇಟ್ಟು ಬಂದಿದ್ದ.

ಲಿಫ್ಟಿನೊಳಗೆ ತೂಗುಹಾಕಿದ್ದ ತಪಾಸಣೆಯ ಕಾರ್ಡನ್ನು ಬಗ್ಗಿ ಓದಿದ. ಬ್ರೇಕ್, ಹಗ್ಗ, ಬಾಗಿಲು, ಎಲ್ಲಕ್ಕೂ ಸರಿ ಗುರುತು. ಹೋದ ಮಂಗಳವಾರದ ತಾರೀಖು. ಕೆಳಗೆ ಬಾಲ ಉದ್ದ ಎಳೆದ ಸಹಿ. ಅದು ಅವನ ಭಾವಮೈದನ ಸಹಿ. ತಾನೇ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಕೆಲಸ ಕಲಿಸಿದ, ಹೆಂಡತಿಯ ಬೆನ್ನಿಗೆ ಹುಟ್ಟಿದ ತಮ್ಮ. ಕೇಸಾದ ಮೇಲೆ ಮೆಕ್ಯಾನಿಕ್ ನೋಡಿಕೊಳ್ಳುತ್ತಿದ್ದ ಕಟ್ಟಡಗಳ ಜೊತೆ ಈ ಕಟ್ಟಡವೂ ಅವನ ಪಾಲಿಗೆ ಬಂದಿತ್ತು. ಹೋದ ಮಂಗಳವಾರ ಅವನು ಬೆಳಗಿನಿಂದ ಸಂಜೆಯವರೆಗೆ ಅಕ್ಕನ ಮನೆಯಲ್ಲಿ ಪರದೆಗೆ ಕಂಬಿ ಹೊಡೆಯುತ್ತಿದ್ದ.

*

ಭಾನುವಾರ ಭಾವಮೈದ ಊಟಕ್ಕೆ ಬಂದ. ಮೆಕ್ಯಾನಿಕ್ ತಟ್ಟೆ ಸರಿಸಿ ವಿಷಯ ತೆಗೆದ.

"ಆ ಲಿಫ್ಟಿನ ಬ್ರೇಕ್ ನೋಡಿದ್ಯೇನೋ?"

"ನೋಡ್ತೀನಿ ಭಾವ."

"ನೋಡ್ತೀನಿ ಅಲ್ಲ. ನೋಡಿದ್ಯಾ?"

ಭಾವಮೈದ ನಕ್ಕ. "ನೀವೇ ತಾನೇ ಹೇಳ್ಕೊಟ್ಟಿದ್ದು? ಕೆಳಗೆ ನಿಂತು ಶಬ್ದ ಕೇಳು, ಶಬ್ದ ಸರಿಯಾಗಿದ್ರೆ ಮೇಲೆ ಹತ್ತೋದ್ಯಾಕೆ ಅಂತ. ದಿನಕ್ಕೆ ಆರು ಕಟ್ಟಡ ಕೊಡ್ತಾರೆ ಕಂಪನೀಲಿ. ಎಲ್ಲಾ ಹತ್ತಿ ಇಳೀತಾ ಕೂತ್ರೆ ಮಂಡಿಚಿಪ್ಪು ಸವೆದು ನಾನೂ ಅದೇ ಸೆಂಟರಿಗೆ ಅಡ್ಮಿಟ್ ಆಗಬೇಕಷ್ಟೆ."

ಮೆಕ್ಯಾನಿಕ್ ನಗಲಿಲ್ಲ. "ನಾಳೆ ಹತ್ತು. ಗೇರ್ ಬಾಕ್ಸ್ ಸೀಲ್ ಬಿಟ್ಟಿರ್ತದೆ, ಎಣ್ಣೆ ಬ್ರೇಕಿಗೆ ಇಳೀತಿದೆ. ನಾನು ಬೇಡ್ಕೋತೀನಿ ಕಣೋ."

ಒಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನಿಂತಳು. ಬೆರಳಿನಲ್ಲಿ ಇನ್ನೂ ದಾರವಿತ್ತು.

"ರೀ, ನೀವು ನೆಲ ಒರೆಸೋಕೆ ಹೋಗಿರೋದು. ಒರೆಸಿ ಬನ್ನಿ. ಮನೆಯಿಂದ ಒಬ್ಬರು ಕೋರ್ಟು ಹತ್ತಿದ್ದು ಸಾಲದಾ? ಇವನನ್ನೂ ಹತ್ತಿಸಬೇಕಾ? ಅಮ್ಮನಿಗೆ ನಾನೇನು ಹೇಳ್ಲಿ?"

ಅವಳು ಹೇಳಿದ್ದು ತಪ್ಪು ಎಂದು ಅವನಿಗೆ ಅನಿಸಲಿಲ್ಲ. ಅದೇ ಅವನನ್ನು ಹೆದರಿಸಿತು.

ಭಾವಮೈದ ಸೋಮವಾರ ಬಂದದ್ದೇನೋ ನಿಜ. ಚಾವಣಿಗೂ ಹತ್ತಿದ. ಹತ್ತೇ ನಿಮಿಷದಲ್ಲಿ ಇಳಿದು, ಬಕೆಟ್ ಹಿಡಿದು ನಿಂತಿದ್ದ ಭಾವನ ಕಡೆ ಹೆಬ್ಬೆರಳೆತ್ತಿ ತೋರಿಸಿ ಹೋದ. ಬ್ರೇಕಿನ ಸ್ಪ್ರಿಂಗ್ ಬಿಗಿ ಮಾಡಿರಬೇಕು. ಮೂರು ದಿನ ಲಿಫ್ಟ್ ನೆಲಕ್ಕೆ ಸರಿಯಾಗಿ ನಿಂತಿತು. ನಾಲ್ಕನೆಯ ದಿನ ಒಂದು ಬೆರಳು. ಮರುವಾರ ಎರಡು ಬೆರಳು.

ಅವನು ದೊಡ್ಡ ಸಿಸ್ಟರ್ ಹತ್ತಿರ ಹೋದ. ಅವರು ಔಷಧಿ ತಟ್ಟೆಯಿಂದ ತಲೆ ಎತ್ತದೆ ಕೇಳಿದರು. "ಲಿಫ್ಟ್ ಕಂಪನಿಯೋರು ಮೊನ್ನೆ ತಾನೇ ಬಂದು ನೋಡಿ ಸರಿ ಇದೆ ಅಂತ ಬರ್ಕೊಟ್ಟಿದ್ದಾರೆ."

"ಅವರು ಬರ್ಕೊಡೋದು ಹೇಗೆ ಅಂತ ನಂಗೊತ್ತು ಸಿಸ್ಟರ್."

"ಗೊತ್ತಿರುತ್ತೆ ಬಿಡು," ಎಂದು ಅವರು ಅವನ ಜಾಕೀಟಿನ ಕಡೆ ನೋಡಿದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೂ ಅವನು ಬಕೆಟ್ ಎತ್ತಿಕೊಂಡು ಹೊರಗೆ ಹೋದ.

ವಾರದ ಭೇಟಿಯಲ್ಲಿ ಪ್ರೊಬೇಷನ್ ಮೇಡಂಗೂ ಹೇಳಿದ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

"ಮಷೀನ್ ರೂಮಿಗೆ ಹೋಗಿದ್ರಾ?"

"ಇಲ್ಲ ಮೇಡಂ."

"ಹೋಗದೆ ಸೀಲ್ ಸೋರ್ತಿದೆ ಅಂತ ಹೇಗೆ ಗೊತ್ತಾಯ್ತು?"

ಅವನಿಗೆ ಎರಡೇ ದಾರಿ ಇದ್ದವು. ನಿಜ ಹೇಳಬೇಕು, ಇಲ್ಲವೇ ಮುಚ್ಚಿಡಬೇಕು. "ಅನುಭವದಿಂದ," ಎಂದ. ಅದು ಅರ್ಧ ನಿಜವೂ ಆಗಿರಲಿಲ್ಲ. ಮೇಡಂ ಕಂಪನಿಗೆ ಕಾಗದ ಬರೆದರು. ಹತ್ತು ದಿನದ ಮೇಲೆ ಉತ್ತರ ಬಂತು: ಲಿಫ್ಟ್ ಸುಸ್ಥಿತಿಯಲ್ಲಿದೆ, ದೃಢೀಕರಣ ಲಗತ್ತಿಸಿದೆ. ಲಗತ್ತಿಸಿದ ಹಾಳೆಯ ಕೊನೆಯಲ್ಲಿ ಅದೇ ಬಾಲ ಎಳೆದ ಸಹಿ.

*

ಕೇಂದ್ರದಲ್ಲಿ ಅವನೊಡನೆ ಮುಖ ಕೊಟ್ಟು ಮಾತಾಡುತ್ತಿದ್ದವರು ಒಬ್ಬರೇ. ಮೂವತ್ತೈದು ವರ್ಷ ಓಣಿ ಓಣಿ ಸುತ್ತಿ ಕಾಗದ ಹಂಚಿದ ಪೋಸ್ಟ್‌ಮ್ಯಾನ್. ಎಡಭಾಗಕ್ಕೆ ಲಕ್ವ ಹೊಡೆದು ಈಗ ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದರು.

"ಏನಪ್ಪಾ ಮೇಸ್ತ್ರಿ, ಎಷ್ಟು ಗಂಟೆ ಉಳೀತು?" ಎಂದು ದಿನಾ ಕೇಳುವರು.

"ನೂರಾ ಹತ್ತು ಯಜಮಾನ್ರೇ."

"ನಿಂದಾದ್ರೂ ಲೆಕ್ಕ ಇದೆ. ನಂಗೆ ಡಾಕ್ಟ್ರು ಅದನ್ನೂ ಹೇಳಲ್ಲ."

ಒಂದು ದಿನ ಲಿಫ್ಟಿನಿಂದ ಹೊರಬರುತ್ತ ವಾಕರಿನ ಕಾಲು ಅಂಚಿಗೆ ತಡೆದು ನಿಂತರು. "ಈ ಲಿಫ್ಟೂ ನನ್ನ ಎಡಗಾಲಿನ ಹಾಗೇ ಆಗಿದೆ ನೋಡು. ನಿಲ್ಲು ಅಂದ್ರೆ ನಿಲ್ಲಲ್ಲ, ಅದರ ಪಾಡಿಗೆ ಅದು ಹೋಗುತ್ತೆ."

ಅವನು ಅವರ ತೋಳು ಹಿಡಿದು ದಾಟಿಸಿದ. ಅಂತರ ಈಗ ಮೂರು ಬೆರಳಿತ್ತು. ಅವರು ವಾರ್ಡಿನೊಳಗೆ ಹೋಗುವತನಕ ಅವರ ಎಡಗಾಲನ್ನೇ ನೋಡುತ್ತ ನಿಂತ. ಅದು ನೆಲದಿಂದ ಮೇಲೇಳುತ್ತಿರಲಿಲ್ಲ, ಎಳೆದುಕೊಂಡು ಹೋಗುತ್ತಿತ್ತು. ನೆಲ ಜಾರಿದರೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಂದ ಆಗುತ್ತಿರಲಿಲ್ಲ.

ಆ ವಾರ ಕಾರಿಡಾರ್ ಒರೆಸುವಾಗ ಬೇಕೆಂದೇ ಲಿಫ್ಟಿನ ಎದುರಿಗೆ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ನೆಲ ಒದ್ದೆ ಇದೆ ಎಂದು ಜನರನ್ನು ಮೆಟ್ಟಿಲ ಕಡೆ ಕಳಿಸುತ್ತಿದ್ದ. ಮೆಟ್ಟಿಲು ಹತ್ತಬಲ್ಲವರು ಗೊಣಗುತ್ತ ಹತ್ತಿದರು. ಹತ್ತಲಾರದವರೇ ಅಲ್ಲಿ ಹೆಚ್ಚು.

*

ಬುಧವಾರ ಪರೀಕ್ಷೆಯ ದಿನ. ಯಾರು ಎಷ್ಟು ಹೆಜ್ಜೆ ನಡೆಯುತ್ತಾರೆ ಎಂದು ಅಳೆಯಲು ಡಾಕ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ಅಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಐವತ್ತಕ್ಕೂ ಹೆಚ್ಚು ಜನ ಮೇಲೆ ಹತ್ತಿ ಇಳಿಯಬೇಕು. ಲಿಫ್ಟಿಗೆ ಬಿಡುವೇ ಇರಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ಮೆಕ್ಯಾನಿಕ್‌ಗೆ ವಾಸನೆ ಬಂತು. ಸುಟ್ಟ ಎಣ್ಣೆಯ ವಾಸನೆ. ಫಿನಾಯಿಲಿನ ಘಾಟಿನ ನಡುವೆಯೂ ಮೂಗಿಗೆ ಸ್ಪಷ್ಟವಾಗಿ ತಟ್ಟಿತು. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಹೊರಗೆ ನುಗ್ಗುತ್ತಿತ್ತು. ಭಾವಮೈದನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಪ್ರೊಬೇಷನ್ ಕಚೇರಿಗೆ ಮಾಡಿದರೆ, ಮೇಡಂ ಯಾವುದೋ ವಿಚಾರಣೆಯಲ್ಲಿದ್ದಾರೆ ಎಂದರು.

ಅವನು ದೊಡ್ಡ ಸಿಸ್ಟರ್ ಕೋಣೆಗೆ ಹೋದ. "ಸಿಸ್ಟರ್, ಲಿಫ್ಟ್ ನಿಲ್ಲಿಸಿ. ಇವತ್ತೇ. ಈಗ್ಲೇ."

"ಐವತ್ತು ಜನರನ್ನ ನೀನು ಹೊತ್ಕೊಂಡು ಹೋಗ್ತೀಯಾ?"

"ಹೊತ್ಕೊಂಡು ಹೋಗ್ತೀನಿ."

ಅವರು ಮುಖ ನೋಡಿದರು. ಅವನ ತುಟಿ ಬೆಳ್ಳಗಾಗಿತ್ತು. ಆದರೂ, "ಡಾಕ್ಟ್ರು ಹನ್ನೊಂದೂವರೆಗೆ ಹೊರಡ್ತಾರೆ, ಅಲ್ಲೀತನಕ ತಡ್ಕೋ," ಎಂದರು.

ಗೋಡೆಯ ಮೊಳೆಯಲ್ಲಿ ಮಷೀನ್ ರೂಮಿನ ಕೀಲಿ ನೇತಾಡುತ್ತಿತ್ತು. ಅವನು ಕೈ ಚಾಚಿ ತೆಗೆದುಕೊಂಡ.

"ಏಯ್, ಅದನ್ನ ಮುಟ್ಟಬಾರದು ನೀನು! ನಿಂಗೆ ಗೊತ್ತಿಲ್ವಾ? ನಾನು ಫೋನ್ ಮಾಡ್ಬೇಕಾಗುತ್ತೆ!"

"ಮಾಡಿ ಸಿಸ್ಟರ್. ಮಾಡಿ, ಆಮೇಲೆ ಯಾರನ್ನೂ ಹತ್ತಿಸಬೇಡಿ. ಅಷ್ಟು ಮಾಡಿ ಸಾಕು."

ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಚಾವಣಿಯ ಮೇಲೆ ಬಿಸಿಲಿಗೆ ತಗಡಿನ ಬಾಗಿಲು ಕಾದಿತ್ತು. ಬೀಗ ತೆಗೆದು ಒಳಗೆ ಕಾಲಿಟ್ಟಾಗ ಬಿಳಿ ಹೊಗೆ ತೆಳ್ಳಗೆ ಆಡುತ್ತಿತ್ತು. ಮಷೀನಿನ ಕೆಳಗೆ ಅವನಿಟ್ಟ ಡಬ್ಬಿ ಅಲ್ಲೇ ಇತ್ತು. ತುಂಬಿ, ಹೊರಚೆಲ್ಲಿ, ಸುತ್ತ ನೆಲವೆಲ್ಲ ಕರಿ ಎಣ್ಣೆಯಾಗಿತ್ತು. ಎಂಟು ವರ್ಷದಲ್ಲಿ ಯಾರೂ ಅದನ್ನು ಎತ್ತಿ ಚೆಲ್ಲುವ ಗೋಜಿಗೂ ಹೋಗಿರಲಿಲ್ಲ. ಬ್ರೇಕ್ ಡ್ರಮ್ಮು ಎಣ್ಣೆಯಲ್ಲಿ ನೆಂದು ಹೊಳೆಯುತ್ತಿತ್ತು. ಅದನ್ನು ಹಿಡಿಯುವ ಲೈನಿಂಗ್ ಸವೆದು ಮೊಳೆಗಳ ತಲೆಗಳು ಎದ್ದು ಕಾಣುತ್ತಿದ್ದವು. ಗೋಡೆಯ ಮೇಲಿನ ಕಾರ್ಡಿನಲ್ಲಿ ಈ ತಿಂಗಳ ಸಹಿ ಇತ್ತು. ಮುಂದಿನ ತಿಂಗಳದ್ದೂ ಇತ್ತು.

ಅವನ ಕೈ ಮೇನ್ ಸ್ವಿಚ್ಚಿನ ಮೇಲಿತ್ತು. ಆಗಲೇ ಮಷೀನ್ ತಿರುಗತೊಡಗಿತು. ಕೆಳಗಿನಿಂದ ಯಾರೋ ಹೊರಟಿದ್ದರು. ಈಗ ಕರೆಂಟ್ ತೆಗೆದರೆ ಅವರನ್ನು ಹಿಡಿದು ನಿಲ್ಲಿಸಬೇಕಾದ್ದು ಈ ಬ್ರೇಕೇ. ಅವನು ಕೈ ತೆಗೆಯಲಿಲ್ಲ, ಸ್ವಿಚ್ಚನ್ನು ಎಳೆಯಲೂ ಇಲ್ಲ. ಹಗ್ಗಗಳು ಓಡುತ್ತಲೇ ಇದ್ದವು. ಒಂದನೇ ಮಹಡಿ ದಾಟಿತು. ಎರಡು. ಮಷೀನ್ ನಿಂತಿತು. ಡ್ರಮ್ಮು ಕಾಲು ಸುತ್ತು ಜಾರಿ, ಕಿರುಗುಟ್ಟಿ, ಹಿಡಿದುಕೊಂಡಿತು.

ಈಗಲೇ ಸ್ವಿಚ್ ಎಳೆದರೆ ಬಾಗಿಲು ತೆರೆಯದೆ ಒಳಗಿರುವವರು ಸಿಕ್ಕಿಕೊಳ್ಳುತ್ತಾರೆ. ಅವನು ಕೆಳಗೆ ಓಡಿದ. ಒಳಗಿರುವವರು ಹೊರಬಂದ ಮೇಲೆ ಖಾಲಿ ಲಿಫ್ಟ್ ಮೂರನೇ ಮಹಡಿಯಲ್ಲೇ ಉಳಿದರೆ ಸಾಕು. ಬ್ರೇಕ್ ಬಿಟ್ಟರೂ ಇನ್ನೊಂದು ತುದಿಯ ತೂಕ ತಳ ಮುಟ್ಟಿ, ಅದು ಎರಡಡಿ ಮೇಲೆ ಹೋಗಿ ನಿಲ್ಲುತ್ತದೆ. ಯಾರೂ ಹತ್ತದಿದ್ದರೆ ಸಾಕು.

ಮೂರನೇ ಮಹಡಿಯಲ್ಲಿ ಆಯಾ ಒಬ್ಬಳು ಕೊನೆಯ ವೀಲ್‌ಚೇರನ್ನು ಹಿಂದುಹಿಂದಾಗಿ ಎಳೆದು ಹೊರತೆಗೆದಿದ್ದಳು. ಲಿಫ್ಟ್ ಖಾಲಿಯಾಗಿತ್ತು. ಪರೀಕ್ಷೆ ಮುಗಿಸಿದ ಪೋಸ್ಟ್‌ಮ್ಯಾನ್ ಕೆಳಗಿಳಿಯಲೆಂದು ಬಾಗಿಲಿಗೆ ಬಂದಿದ್ದರು. ವಾಕರಿನ ಮುಂದಿನ ಎರಡು ಕಾಲು ಆಗಲೇ ಲಿಫ್ಟಿನೊಳಗಿದ್ದವು.

"ಮೇಸ್ತ್ರಿ, ನಲವತ್ತು ಹೆಜ್ಜೆ!" ಎಂದು ಅವರು ತಿರುಗಿ ನಕ್ಕರು.

ಆ ನಗು ಮುಗಿಯುವ ಮೊದಲೇ ಲಿಫ್ಟಿನ ನೆಲ ಏಳತೊಡಗಿತು. ಬಾಗಿಲು ತೆರೆದೇ ಇತ್ತು. ಸದ್ದಿಲ್ಲ, ಜರ್ಕಿಲ್ಲ. ವಾಕರಿನ ಮುಂಗಾಲುಗಳನ್ನು ಅದು ಮೆಲ್ಲಗೆ ಎತ್ತಿತು, ಆಮೇಲೆ ಜೋರಾಗಿ ಎತ್ತಿತು. ಪೋಸ್ಟ್‌ಮ್ಯಾನ್ ವಾಕರ್ ಬಿಡಲಿಲ್ಲ. ಬಿಡಲು ಅವರ ಎಡಗೈಗೆ ಬರುತ್ತಿರಲಿಲ್ಲ. ಮೆಕ್ಯಾನಿಕ್ ಹಿಂದಿನಿಂದ ಎರಡೂ ಕಂಕುಳಿಗೆ ಕೈ ಹಾಕಿ ತನ್ನ ಮೈಯೆಲ್ಲ ಭಾರ ಬಿಟ್ಟು ಹಿಂದಕ್ಕೆ ಬಿದ್ದ. ಮುದುಕರ ಎಡಗೈಯ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ವಾಕರ್ ಓರೆಯಾಗಿ, ಲಿಫ್ಟಿನ ಅಂಚಿನಿಂದ ಜಾರಿ, ಕೆಳಗೆ ತೆರೆದುಕೊಂಡ ಕತ್ತಲ ಸಂದಿಗೆ ಬಿತ್ತು. ಕಟ್ಟಡದ ತಳದಲ್ಲಿ ಕಬ್ಬಿಣದ ತೂಕ ಬಡಿದು ಗೋಡೆಗಳೆಲ್ಲ ಅದುರಿದವು. ವಾಕರಿನ ಸದ್ದು ಅದಾದ ಮೇಲೆ ಕೇಳಿತು. ಗೋಡೆಗೆ ತಾಕುತ್ತ, ತಾಕುತ್ತ, ತೀರ ಕೆಳಗೆ.

ಪೋಸ್ಟ್‌ಮ್ಯಾನ್ ಅವನ ಎದೆಯ ಮೇಲೆ ಒರಗಿಯೇ ಇದ್ದರು. ಅವರ ಎಡಗಾಲಿನ ಚಪ್ಪಲಿ ಹೋಗಿತ್ತು. ಕಾಲು ಇತ್ತು.

ಅವನು ಮತ್ತೆ ಚಾವಣಿಗೆ ಹತ್ತಿ ಮೇನ್ ಸ್ವಿಚ್ ಎಳೆದ. ಆಮೇಲೆ ಹೊಸ್ತಿಲ ಹೊರಗೆ ಕುಳಿತು ಪೊಲೀಸರಿಗಾಗಿ ಕಾದ.

*

ಪ್ರೊಬೇಷನ್ ಮೇಡಂ ಮಧ್ಯಾಹ್ನ ಬಂದರು. ಮಷೀನ್ ರೂಮನ್ನು ಹೊರಗಿನಿಂದ ನೋಡಿದರು, ಮೂರನೇ ಮಹಡಿಯ ಸಂದಿಯನ್ನೂ ನೋಡಿದರು.

"ನೀವು ಮಾಡಿದ್ದು ಏನು ಅಂತ ನನಗೆ ಅರ್ಥ ಆಗುತ್ತೆ," ಎಂದರು. "ಆದ್ರೂ ಬರೀಲೇಬೇಕು."

"ಬರೀರಿ ಮೇಡಂ. ಇನ್ನೊಂದು ವಿಷಯಾನೂ ಬರ್ಕೊಳ್ಳಿ. ಆ ಡಬ್ಬಿ ಇಟ್ಟಿದ್ದು ನಾನು."

ಅವನು ಎಲ್ಲವನ್ನೂ ಹೇಳಿದ. ಮೇಡಂ ಬರೆದುಕೊಂಡರು. "ಅವತ್ತೇ ಹೇಳಿದ್ದಿದ್ರೆ, ನಾನು ಲಿಫ್ಟ್ ಇಲಾಖೆಯ ಇನ್‌ಸ್ಪೆಕ್ಟರನ್ನ ಆ ವಾರವೇ ಕಳಿಸ್ತಿದ್ದೆ," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗನಿಸಿತು.

ಕೋರ್ಟಿನಲ್ಲಿ ದೊಡ್ಡ ಸಿಸ್ಟರ್ ಅವನ ಪರ ಮಾತಾಡಿದರು. ಪೋಸ್ಟ್‌ಮ್ಯಾನ್ ಹೊಸ ವಾಕರ್ ಹಿಡಿದು ಬಂದು, ಯಾರೂ ಕೇಳದಿದ್ದರೂ ಎದ್ದು ನಿಂತರು. ನ್ಯಾಯಾಧೀಶರು ಅವನನ್ನು ಜೈಲಿಗೆ ಕಳಿಸಲಿಲ್ಲ, ಸುಮ್ಮನೆ ಬಿಡಲೂ ಇಲ್ಲ. ಪ್ರೊಬೇಷನ್ ಆರು ತಿಂಗಳು ಹೆಚ್ಚಿತು, ಸೇವೆ ನೂರು ಗಂಟೆ ಹೆಚ್ಚಿತು. ಭಾವಮೈದನ ಲೈಸೆನ್ಸ್ ಅಮಾನತಾಯಿತು, ಅವನ ಮೇಲೂ ಕೇಸಾಯಿತು. ಕೊನೆಗೆ ನ್ಯಾಯಾಧೀಶರು ಇನ್ನೊಂದು ಆದೇಶ ಕೊಟ್ಟರು. ಇಬ್ಬರೂ ಕೂತು, ಹತ್ತಿ ನೋಡದೆ ಸಹಿ ಹಾಕಿದ ಕಟ್ಟಡಗಳ ಹೆಸರನ್ನೆಲ್ಲ ಮೇಡಂಗೆ ಬರೆದುಕೊಡಬೇಕು. ಒಂದನ್ನೂ ಬಿಡುವಂತಿಲ್ಲ.

ಅಂದು ಹೆಂಡತಿ ಇಬ್ಬರ ಮುಖವನ್ನೂ ನೋಡಲಿಲ್ಲ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತು ಹೋದಳು.

ಮರುದಿನ ಮಧ್ಯಾಹ್ನ ಮೇಡಂ ಕೋಣೆಯಲ್ಲಿ ಭಾವ, ಭಾವಮೈದ ಎದುರುಬದುರು ಕುಳಿತರು. ಮೊದಲು ಐದಾರು ಇರಬಹುದು ಎಂದುಕೊಂಡಿದ್ದರು. ಒಂದು ಹಾಳೆ ಮುಗಿಯಿತು. ಬಟ್ಟೆ ಅಂಗಡಿ, ಕಣ್ಣಿನ ಆಸ್ಪತ್ರೆ, ಟ್ಯೂಷನ್ ಕ್ಲಾಸು ನಡೆಯುವ ಕಟ್ಟಡ, ಹೆಣ್ಣುಮಕ್ಕಳ ಹಾಸ್ಟೆಲ್. ಒಬ್ಬ ಮರೆತದ್ದನ್ನು ಇನ್ನೊಬ್ಬ ನೆನಪಿಸುತ್ತಿದ್ದ. ಮೇಡಂ ಪಕ್ಕದ ಮೇಜಿನಲ್ಲಿ ಒಂದೊಂದೇ ಕಟ್ಟಡಕ್ಕೆ ಫೋನ್ ಮಾಡಿ, ಲಿಫ್ಟ್ ನಿಲ್ಲಿಸಿ, ಇನ್‌ಸ್ಪೆಕ್ಟರ್ ಬರುತ್ತಾರೆ ಎನ್ನುತ್ತಿದ್ದರು. ಎರಡನೇ ಹಾಳೆಯ ನಡುವೆ ಭಾವಮೈದನ ಪೆನ್ನು ನಿಂತಿತು.

"ಯಾಕೋ?"

ಅವನು ಹಾಳೆಯನ್ನು ಈ ಕಡೆ ತಿರುಗಿಸಿದ. ಬರೆದು ಅರ್ಧಕ್ಕೆ ಬಿಟ್ಟಿದ್ದ ಹೆಸರು ಅವನ ತಾಯಿ ಇರುವ ಅಪಾರ್ಟ್‌ಮೆಂಟಿನದು. ಅತ್ತೆಯ ಮನೆ ಐದನೇ ಮಹಡಿ.

"ಅದನ್ನಾದ್ರೂ ಹತ್ತಿ ನೋಡಿದ್ದೀಯಾ?" ಎಂದು ಮೆಕ್ಯಾನಿಕ್ ಮೆಲ್ಲಗೆ ಕೇಳಿದ.

ಭಾವಮೈದ ತಲೆ ಅಲ್ಲಾಡಿಸಿದ. "ನೀವು?"

"ಇಲ್ಲ."

ಮೇಡಂ ಆ ಕಟ್ಟಡಕ್ಕೆ ಫೋನ್ ಮಾಡಿದರು. ಕಾವಲುಗಾರ ಎತ್ತಿ, ಸಂಘದ ಕಾರ್ಯದರ್ಶಿ ಊರಲ್ಲಿಲ್ಲ, ಅವರು ಹೇಳದೆ ತಾನು ಲಿಫ್ಟ್ ಬಂದ್ ಮಾಡುವಂತಿಲ್ಲ, ಮೇಲಿನ ಕೋಣೆಯ ಕೀಲಿಯೂ ಅವರ ಹತ್ತಿರವೇ ಇದೆ ಎಂದ. ಇನ್‌ಸ್ಪೆಕ್ಟರ್ ಕಣ್ಣಿನ ಆಸ್ಪತ್ರೆಯಲ್ಲಿದ್ದರು, ಅಲ್ಲಿಂದ ಹಾಸ್ಟೆಲಿಗೆ ಹೋಗಬೇಕು. ಇಲ್ಲಿಗೆ ಬರುವುದು ಸಂಜೆ ಆರಕ್ಕೆ. ಭಾವಮೈದ ತಾಯಿಗೆ ಫೋನ್ ಮಾಡಿದ.

"ಅಮ್ಮಾ, ಮನೆಯಿಂದ ಹೊರಗೆ ಬರಬೇಡ. ಲಿಫ್ಟ್ ಹತ್ತಬೇಡ."

"ಯಾಕೋ, ಏನಾಯ್ತೋ? ನಾನೀಗ ತಾನೇ ಕೆಳಗಿಂದ ಬಂದೆ," ಎಂದಿತು ಆ ಕಡೆಯ ದನಿ. "ಎಲ್ಲಾ ಸರಿಯಾಗೇ ಇದೆಯಲ್ಲ."

ಮೇಡಂ ತಮ್ಮ ಗಾಡಿಯಲ್ಲೇ ಇಬ್ಬರನ್ನೂ ಅಲ್ಲಿಗೆ ಬಿಟ್ಟು, "ಏನನ್ನೂ ಮುಟ್ಟಬೇಡಿ. ಜನರನ್ನ ತಡೀರಿ, ಅಷ್ಟೆ," ಎಂದು ಮಿಕ್ಕ ಫೋನುಗಳಿಗಾಗಿ ಕಚೇರಿಗೆ ಮರಳಿದರು. ಮೆಕ್ಯಾನಿಕ್ ಹಳದಿ ಜಾಕೀಟು ಹಾಕಿಕೊಂಡು ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಭಾವಮೈದ ಐದು ಮಹಡಿಗಳಲ್ಲೂ ಬಾಗಿಲು ಬಡಿದು ಹೇಳಿ ಬಂದು ಪಕ್ಕದಲ್ಲಿ ನಿಂತ. ಕೆಲಸ ಮುಗಿಸಿ ಜನ ಮನೆಗೆ ಬರುವ ಹೊತ್ತು. ಕೆಲವರು ಕೇಳಿ ಮೆಟ್ಟಿಲು ಹತ್ತಿದರು. ಕೆಲವರು ಜಾಕೀಟು ಓದಿ ನಕ್ಕರು. ಐದೂವರೆಗೆ ಎರಡೂ ಕೈಯಲ್ಲಿ ಚೀಲ ಹಿಡಿದ ದಪ್ಪನೆಯ ಗಂಡಸೊಬ್ಬ ಬಂದ.

"ಪಕ್ಕಕ್ಕೆ ಬಾರಯ್ಯ."

"ಸಾರ್, ಇನ್ನರ್ಧ ಗಂಟೆ. ಬ್ರೇಕ್ ನೋಡಿಲ್ಲ. ನಾನು ಲಿಫ್ಟ್ ಮೆಕ್ಯಾನಿಕ್ ಆಗಿದ್ದೆ, ನಾನೇ ನೋಡಿಲ್ಲ."

"ನೀನು ನೋಡದಿದ್ರೆ ನಾನೇನ್ ಮಾಡ್ಲಿ? ಅಲ್ಲೇ ಕಾರ್ಡಲ್ಲಿ ಬರೆದಿದೆಯಲ್ಲ, ಸರಿ ಇದೆ ಅಂತ." ಅವನು ಭುಜದಿಂದ ತಳ್ಳಿ ಒಳಗೆ ಹೋದ. ಭಾವಮೈದ ಅವನ ತೋಳು ಹಿಡಿದ, ಅವನು ಕೊಡವಿಕೊಂಡ. ಬಾಗಿಲು ಮುಚ್ಚಿತು.

ಇಬ್ಬರೂ ಬಾಗಿಲ ಮೇಲಿನ ಅಂಕಿಗಳನ್ನು ನೋಡುತ್ತ ನಿಂತರು. ಒಂದು. ಎರಡು. ಭಾವಮೈದ ಭಾವನ ಮುಂಗೈ ಹಿಡಿದುಕೊಂಡಿದ್ದ. ಬೈಕಿನ ಹಿಂದೆ ಕೂತು ಮೊದಲ ದಿನ ಕೆಲಸಕ್ಕೆ ಬಂದಾಗಲೂ ಅವನು ಹಾಗೆ ಹಿಡಿದಿರಲಿಲ್ಲ. ಮೂರು. ನಾಲ್ಕಕ್ಕೆ ಬಂದು ಅಂಕಿ ನಿಂತಿತು. ಮೇಲೆ ಬಾಗಿಲು ತೆರೆದ ಸದ್ದಾಯಿತು. ಚೀಲಗಳ ಸರಬರ, ನಾಲ್ಕು ಹೆಜ್ಜೆ, ಯಾವುದೋ ಮನೆಯ ಕರೆಗಂಟೆ.

ಭಾವಮೈದ ಉಸಿರು ಬಿಟ್ಟ. ಮೆಕ್ಯಾನಿಕ್ ಬಿಡಲಿಲ್ಲ. ನಾಲ್ಕನೇ ಮಹಡಿಯಿಂದ ಯಾರೋ ಗುಂಡಿ ಒತ್ತಿದ್ದರು. ಹೆಂಗಸರ, ಮಕ್ಕಳ ಮಾತು ಕೇಳಿಸುತ್ತಿತ್ತು, ತುಂಬ ಜನ ಒಟ್ಟಿಗೆ ಹತ್ತುತ್ತಿದ್ದ ಹಾಗಿತ್ತು. ಒಬ್ಬನನ್ನು ಹಿಡಿದ ಬ್ರೇಕ್ ಅಷ್ಟು ಜನರನ್ನೂ ಹಿಡಿಯುತ್ತದೆ ಎನ್ನುವಂತಿಲ್ಲ. "ಹತ್ತಬೇಡೀ!" ಎಂದು ಅವನು ಮೆಟ್ಟಿಲಸಂದಿಯಲ್ಲಿ ತಲೆ ಎತ್ತಿ ಕೂಗಿದ, ಕೂಗುತ್ತಲೇ ಮೇಲಕ್ಕೆ ಓಡತೊಡಗಿದ.